ತಿಂಗಳಿಗೆ 29 ಪೌಂಡ್

ಒಂದೇ ಕೆಂಪು ಬಣ್ಣದ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು. ಎರಡೂ ಮಾಜ್ದಾ ಎಂಎಕ್ಸ್-5, ಎರಡೂ 2017ರ ಕೊನೆಗೆ ನೋಂದಣಿಯಾದವು, ಎರಡೂ ಹೆಚ್ಚುಕಡಿಮೆ ಮೂವತ್ತು ಸಾವಿರ ಮೈಲಿ ಓಡಿದ್ದವು. ಒಂದರಲ್ಲಿ 1.5 ಲೀಟರ್ ಎಂಜಿನ್, ಬೆಲೆ 14,700 ಪೌಂಡ್. ಇನ್ನೊಂದರಲ್ಲಿ 2 ಲೀಟರ್ ಎಂಜಿನ್, 16,500 ಪೌಂಡ್. 2023ರ ಮೇ ತಿಂಗಳು, ಬ್ರಿಸ್ಟಲ್ ಊರಾಚೆಯ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಳ. ನಾನಿನ್ನೂ ಬಾನೆಟ್ ಎತ್ತಿ ನೋಡುತ್ತಿದ್ದೆ, ಅಷ್ಟರಲ್ಲಿ ಮಾರಾಟದ ಹುಡುಗ ಲೆಕ್ಕ ಮುಗಿಸಿಬಿಟ್ಟಿದ್ದ. ಕಂತಿನಲ್ಲಿ ಕೊಂಡರೆ ದೊಡ್ಡ ಎಂಜಿನ್ನಿಗೆ ತಿಂಗಳಿಗೆ 29 ಪೌಂಡ್ ಹೆಚ್ಚು, ಅಷ್ಟೇ ಎಂದ. ಇಬ್ಬರು ಒಂದು ಸಂಜೆ ಹೊರಗೆ ಊಟಕ್ಕೆ ಹೋದರೂ ಅದಕ್ಕಿಂತ ಜಾಸ್ತಿ ಆಗುತ್ತದೆ ಎಂದೂ ಸೇರಿಸಿದ.

ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಇಂಥದ್ದೊಂದು ಕಾರು ಬೇಕೆಂಬ ಆಸೆ ನನ್ನಲ್ಲಿ ಬಲವಾಗಿತ್ತು. ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಕಾರು ಬೇಕಿದ್ದದ್ದು ಶನಿವಾರ, ಭಾನುವಾರಕ್ಕೆ, ಬೇಸಿಗೆಯ ಉದ್ದನೆಯ ಸಂಜೆಗಳಿಗೆ. ಮೇಲ್ಛಾವಣಿ ತೆಗೆದು ಓಡಿಸಬಹುದಾದ, ಹಿಂದಿನ ಚಕ್ರಗಳಿಂದ ಓಡುವ, ಎರಡು ಸೀಟಿನ ಪುಟ್ಟ ಕಾರು. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಎಂತ ಮಾರಾಯ್ತಿ, ಎರಡೇ ಸೀಟಾ? ನಾನು ಬಂದ್ರೆ ಎಲ್ಲಿ ಕೂರ್ಲಿ?" ಅಂದರು. ನನ್ನ ಪಕ್ಕದಲ್ಲೇ ಅಮ್ಮ ಅಂದೆ.

ಅಮ್ಮನ ಎರಡನೇ ಪ್ರಶ್ನೆ, ಮೈಲೇಜ್ ಎಷ್ಟು ಕೊಡುತ್ತದೆ. ನಮ್ಮವರ ಈ ಪ್ರಶ್ನೆಯ ಬಗ್ಗೆ ನನಗೆ ಗೌರವವಿದೆ. ಕಾರಿನ ಬೆಲೆ ಒಂದು ದಿನದ್ದು, ಖರ್ಚು ದಿನಾ ಬರುವಂಥದ್ದು ಎಂದು ಗೊತ್ತಿರುವವರು ಕೇಳುವ ಪ್ರಶ್ನೆ ಅದು. ಅಪ್ಪಯ್ಯನ ಪ್ರೀಮಿಯರ್ ಪದ್ಮಿನಿಯ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಸಣ್ಣ ಲೆಕ್ಕದ ಪುಸ್ತಕ ಇರುತ್ತಿತ್ತು. ಪೆಟ್ರೋಲ್, ಪಂಕ್ಚರ್, ಆಯಿಲ್, ಫ್ಯಾನ್ ಬೆಲ್ಟ್, ಎಲ್ಲವೂ ತಾರೀಖಿನ ಸಮೇತ. ಜವಳಿ ಅಂಗಡಿಯ ಖಾತೆಯ ಹಾಗೇ ಅದನ್ನೂ ಬರೆಯುತ್ತಿದ್ದರು.

ಈ ಕಾರಿನ ಎಂಜಿನ್ ಪ್ರಶ್ನೆಗೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರವಿದೆ. 2015ರಲ್ಲಿ ಈಗಿನ ನಾಲ್ಕನೇ ಪೀಳಿಗೆ ಮಾರಾಟಕ್ಕೆ ಬಂದಾಗ, ಬಟ್ಟೆಯ ಛಾವಣಿಯ ಕಾರಿಗೆ ಜಪಾನಿನಲ್ಲಿ 1.5 ಲೀಟರ್ ಎಂಜಿನ್ ಮಾತ್ರ ಕೊಟ್ಟರು. ಅಮೆರಿಕಕ್ಕೆ 2 ಲೀಟರ್ ಮಾತ್ರ ಕಳಿಸಿದರು. ಬ್ರಿಟನ್ನಿಗೆ ಎರಡೂ ಬಂದವು, ಹಾಗಾಗಿ ಆರಿಸುವ ಕಷ್ಟ ನಮ್ಮದಾಯಿತು. ಚಿಕ್ಕದರ ಶಕ್ತಿ 131 ಪಿಎಸ್, ಎಳೆತ 150 ನ್ಯೂಟನ್ ಮೀಟರ್. ಆಗಿನ ದೊಡ್ಡದು 160 ಪಿಎಸ್, 200 ನ್ಯೂಟನ್ ಮೀಟರ್. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ಮುಟ್ಟಲು ಚಿಕ್ಕದಕ್ಕೆ 8.3 ಸೆಕೆಂಡ್, ದೊಡ್ಡದಕ್ಕೆ 7.3. (2018ರ ಕೊನೆಗೆ 2 ಲೀಟರ್ ಎಂಜಿನ್ನನ್ನು 184 ಪಿಎಸ್‌ಗೆ ಏರಿಸಿದರು. ಅದು ನಿಮ್ಮ ಕೈಗೆಟುಕುವ ಬೆಲೆಯಲ್ಲಿದ್ದರೆ ಈ ಅಂಕಣದ ಕೆಲವು ಅಂಕಿಗಳು ಬದಲಾಗುತ್ತವೆ.)

ಒಂದು ಸೆಕೆಂಡಿಗೆ 1,800 ಪೌಂಡ್ ಎಂದು ನಾನು ಲೆಕ್ಕ ಹಾಕಲಿಲ್ಲ. ಹಾಗೆ ಹಾಕಿದರೆ ದೊಡ್ಡ ಎಂಜಿನ್ನಿಗೆ ಅನ್ಯಾಯ. ನಾನು ನೋಡಿದ 2 ಲೀಟರ್ ಕಾರಿನಲ್ಲಿ ಎಂಜಿನ್ ಜೊತೆಗೆ ಬೇರೆ ಸಾಮಾನೂ ಇತ್ತು. ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರ್, ಮುಂದೆ ದೊಡ್ಡ ಬ್ರೇಕ್ ಡಿಸ್ಕ್, 16 ಇಂಚಿನ ಬದಲು 17 ಇಂಚಿನ ಚಕ್ರ, ಮತ್ತು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ತಿರುವಿನಲ್ಲಿ ಒಳಬದಿಯ ಚಕ್ರ ಹಿಡಿತ ಬಿಟ್ಟು ಸುಮ್ಮನೆ ಸುತ್ತತೊಡಗಿದರೆ ಎಳೆತವನ್ನು ಹೊರಬದಿಯ ಚಕ್ರಕ್ಕೆ ದಾಟಿಸುವುದು ಈ ಕೊನೆಯದರ ಕೆಲಸ. ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ಯುವವರಿಗೆ ಅದು ಬೇಕೇ ಬೇಕು. ಆಮೇಲೆ ಬೇರೆಯಾಗಿ ಹಾಕಿಸಲು ಹೋದರೆ ದುಬಾರಿ.

ಎರಡನ್ನೂ ಒಂದೇ ದಿನ ಮೆಂಡಿಪ್ ಗುಡ್ಡಗಳ ರಸ್ತೆಯಲ್ಲಿ ಓಡಿಸಿದೆ. ದೊಡ್ಡದರಲ್ಲಿ ಗೇರ್ ಇಳಿಸದೆಯೇ ಏರು ಹತ್ತಬಹುದು, ಕಾಲಿಟ್ಟ ಕೂಡಲೇ ಪಿಕಪ್ ಸಿಗುತ್ತದೆ. ಚಿಕ್ಕದು ಹಾಗಲ್ಲ, ಅದು ಕೆಲಸ ಕೇಳುತ್ತದೆ. ಏರು ಬರುವ ಮೊದಲೇ ಮೂರಕ್ಕೆ ಇಳಿಸಬೇಕು, ಮುಳ್ಳು ಐದು ಸಾವಿರ ದಾಟಲು ಬಿಡಬೇಕು. ಆಮೇಲೆ ಅದು 7,500ರವರೆಗೆ ಉಸಿರು ಕಟ್ಟದೆ ಹಾಡಿಕೊಂಡು ಹೋಗುತ್ತದೆ. 160 ಪಿಎಸ್‌ನ ದೊಡ್ಡ ಎಂಜಿನ್ 6,800ಕ್ಕೇ ಮುಗಿಯುತ್ತಿತ್ತು. ಎರಡನೇ ಗೇರ್‌ನಲ್ಲಿ ಆ ಸದ್ದು ಕೇಳುತ್ತಿದ್ದ ಹಾಗೆ ಆಗುಂಬೆ ಘಾಟಿ ನೆನಪಾಯಿತು. 1,089 ಸಿಸಿಯ ಪದ್ಮಿನಿಯಲ್ಲಿ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಅಪ್ಪಯ್ಯ ಪ್ರತಿ ತಿರುವಿಗೂ ಮುಂಚೆ ಗೇರ್ ಇಳಿಸಿ ತಯಾರಾಗುತ್ತಿದ್ದರು. ಗಾಡಿ ಏದುಸಿರು ಬಿಡುವ ತನಕ ಕಾಯಬಾರದು, ಅದು ಕೇಳುವ ಮೊದಲೇ ಕೊಡಬೇಕು ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಕಲಿತ ಆ ಕೈಚಳಕ ಚಿಕ್ಕ ಎಂಜಿನ್ನಿನಲ್ಲಿ ನನ್ನ ಕೆಲಸಕ್ಕೆ ಬಂತು. ಈ ದೇಶದ ಹಳ್ಳಿ ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 60 ಮೈಲಿ. ಆ ಮಿತಿಯ ಒಳಗೇ ಪೂರ್ತಿ ದುಡಿಸಿಕೊಳ್ಳಬಹುದಾದ ಎಂಜಿನ್ ಯಾವುದು ಎಂಬುದು ನನಗೆ ಅವತ್ತೇ ಗೊತ್ತಾಯಿತು.

ಆದರೂ ಮನಸ್ಸು ಒಪ್ಪಿದ ಮಾತ್ರಕ್ಕೆ ಹಣ ಕೊಡುವವಳಲ್ಲ ನಾನು. ಮನೆಗೆ ಬಂದು ಆ 29 ಪೌಂಡನ್ನು ಬಿಡಿಸಿ ನೋಡಿದೆ. ಅದು ಇಲ್ಲಿ ಎಲ್ಲರೂ ಪಿಸಿಪಿ ಎನ್ನುವ ಕಂತು. ನಾಲ್ಕು ವರ್ಷ ತಿಂಗಳ ಕಂತು ಕಟ್ಟಿ, ಕೊನೆಗೆ ಒಂದು ದೊಡ್ಡ ಮೊತ್ತ ಕೊಟ್ಟರೆ ಕಾರು ನಮ್ಮದು. ಇಲ್ಲವೇ ಕಾರನ್ನೇ ಹಿಂತಿರುಗಿಸಬಹುದು. ದೊಡ್ಡ ಎಂಜಿನ್ನಿಗೆ ಆ ಕೊನೆಯ ಮೊತ್ತವೂ 1,000 ಪೌಂಡ್ ಹೆಚ್ಚಿತ್ತು. 48 ತಿಂಗಳಿಗೆ 29ರಂತೆ 1,392, ಅದಕ್ಕೆ ಈ ಸಾವಿರ ಸೇರಿಸಿದರೆ 2,392. ಅಂಗಳದಲ್ಲಿ 1,800 ಇದ್ದ ವ್ಯತ್ಯಾಸಕ್ಕೆ ಬಡ್ಡಿಯೇ 592 ಪೌಂಡ್. ಈ ಒಟ್ಟು ಮೊತ್ತವನ್ನು ಆ ಹುಡುಗ ಬಾಯಿಬಿಟ್ಟು ಹೇಳಿರಲಿಲ್ಲ. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನನಗೆ ಸಿಟ್ಟು ಬಂದದ್ದು ನಿಜ. ತಿಂಗಳ ಕಂತು ಎಷ್ಟು ಎಂದು ತೋರಿಸಿ ವಸ್ತುವಿನ ಬೆಲೆಯನ್ನು ಮರೆಸುವುದು ಸರಿಯಾದ ವ್ಯಾಪಾರವಲ್ಲ.

ಮುಂದಿನದು ದಿನದ ಖರ್ಚು. ಎರಡೂ ಕಾರಿಗೆ ನನ್ನ ಹೆಸರು, ನನ್ನ ವಿಳಾಸ ಕೊಟ್ಟು ವಿಮೆಯ ದರ ತರಿಸಿದೆ. ಚಿಕ್ಕದಕ್ಕೆ ವರ್ಷಕ್ಕೆ 412, ದೊಡ್ಡದಕ್ಕೆ 468. ಐವತ್ತು ದಾಟಿದ, ಅಪಘಾತದ ಇತಿಹಾಸವಿಲ್ಲದ ನನಗೆ 56 ಪೌಂಡಿನ ಅಂತರ. ನನ್ನ ಜೊತೆಗೆ ಮಗಳ ಹೆಸರನ್ನೂ ಸೇರಿಸಿ ನೋಡಿದಾಗ ಅಂತರ ಹಲವು ಪಟ್ಟು ಹಿಗ್ಗಿತು. ಮಕ್ಕಳೂ ಓಡಿಸುತ್ತಾರೆಂದಾದರೆ ಎಂಜಿನ್ನನ್ನು ವಿಮೆಯೇ ಆರಿಸುತ್ತದೆ. ಪೆಟ್ರೋಲಿಗೆ ಕಂಪನಿಯ ಅಧಿಕೃತ ಅಂಕಿ ಹಿಡಿದೆ, ಗ್ಯಾಲನ್ನಿಗೆ 47.1 ಮೈಲಿ ಮತ್ತು 40.9 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 16.7 ಮತ್ತು 14.5 ಕಿಲೋಮೀಟರ್. ವರ್ಷಕ್ಕೆ 5,000 ಮೈಲಿ ಓಡಿಸಿದರೆ 73 ಲೀಟರ್ ವ್ಯತ್ಯಾಸ, ಆಗಿನ ದರದಲ್ಲಿ 106 ಪೌಂಡ್. 17 ಇಂಚಿನ ಟೈರಿಗೆ ವರ್ಷಕ್ಕೆ ಇನ್ನೊಂದು 23. ಎಲ್ಲ ಕೂಡಿ ವರ್ಷಕ್ಕೆ 185, ನಾಲ್ಕು ವರ್ಷಕ್ಕೆ 740.

ಕಂತು ಮುಗಿದ ದಿನ ದೊಡ್ಡ ಎಂಜಿನ್ನಿನ ಕಾರಿಗೆ ಸಾವಿರ ಪೌಂಡ್ ಹೆಚ್ಚು ಬೆಲೆ ಬರುತ್ತದೆ ಎಂದೇ ಇಟ್ಟುಕೊಳ್ಳೋಣ. ಆ ಕೊನೆಯ ಮೊತ್ತದಲ್ಲಿ ಕೊಟ್ಟ ಸಾವಿರ ಅಲ್ಲಿಗೆ ತೀರಿತು. ಉಳಿದದ್ದು 1,392 ಮತ್ತು 740, ಒಟ್ಟು 2,132. ತಿಂಗಳಿಗೆ 44 ಪೌಂಡ್.

ರಸ್ತೆ ತೆರಿಗೆಯನ್ನು ನಾನು ಸೇರಿಸಿಲ್ಲ, ಕಾರಣವಿದೆ. ಬ್ರಿಟನ್ನಿನಲ್ಲಿ 2001ರ ಮಾರ್ಚ್‌ಗೆ ಮೊದಲಿನ ಕಾರುಗಳ ತೆರಿಗೆಗೆ 1,549 ಸಿಸಿ ಗಡಿ. ಮೊದಲ ಪೀಳಿಗೆಯ ಎಂಎಕ್ಸ್-5ರ 1.6 ಮತ್ತು 1.8 ಎಂಜಿನ್‌ಗಳೆರಡೂ ಆ ಗಡಿಯ ಮೇಲಿನವೇ, ತೆರಿಗೆ ಒಂದೇ. ಆಮೇಲೆ 2017ರ ಮಾರ್ಚ್‌ವರೆಗಿನ ಕಾರುಗಳಿಗೆ ಹೊಗೆಯ ಪ್ರಮಾಣದ ಮೇಲೆ ತೆರಿಗೆ. ಅಲ್ಲಿ ಕಿಲೋಮೀಟರಿಗೆ 139 ಗ್ರಾಂ ಇಂಗಾಲದ ಡೈ ಆಕ್ಸೈಡ್ ಬಿಡುವ ಚಿಕ್ಕದು, 161 ಗ್ರಾಂ ಬಿಡುವ ದೊಡ್ಡದಕ್ಕಿಂತ ಎರಡು ಮೆಟ್ಟಿಲು ಕೆಳಗೆ. 2017ರ ಏಪ್ರಿಲ್‌ನಿಂದ ಆಚೆಗೆ ನೋಂದಣಿಯಾದ ಪೆಟ್ರೋಲ್ ಕಾರುಗಳಿಗೆ ಎರಡನೇ ವರ್ಷದಿಂದ ಎಲ್ಲಕ್ಕೂ ಒಂದೇ ದರ. 2023ರಲ್ಲಿ ಅದು 180 ಪೌಂಡ್ ಇತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಎಂಜಿನ್ ಎಷ್ಟು ಮುಖ್ಯವೋ ನೋಂದಣಿಯ ತಾರೀಖೂ ಅಷ್ಟೇ ಮುಖ್ಯ.

ಬೆಂಗಳೂರಿನಲ್ಲಿ ಕಾರು ಕೊಳ್ಳುವ ತಮ್ಮನಿಗೆ ಇದು ವಿಚಿತ್ರವಾಗಿ ಕಂಡಿತು. ಅಲ್ಲಿ ಎಂಜಿನ್ ಅಳತೆಯನ್ನು ಅರ್ಧ ತೆರಿಗೆಯೇ ನಿರ್ಧರಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಉದ್ದ ಮತ್ತು 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇಕಡಾ 18 ಜಿಎಸ್‌ಟಿ, ಮೀರಿದರೆ ಶೇಕಡಾ 40. ಓಟದ ಹುರುಪಿನ ಪುಟ್ಟ ಕಾರುಗಳು ಅಲ್ಲಿ ಆ ಗೆರೆಯೊಳಗೇ ಟರ್ಬೊ ಹಾಕಿಕೊಂಡು ಬರುವುದು ಇದೇ ಕಾರಣಕ್ಕೆ.

ಹಾಗಾದರೆ 2 ಲೀಟರ್ ಯಾರಿಗೆ? ದಿನಾ ಮೋಟಾರ್‌ವೇಯಲ್ಲಿ ಐವತ್ತು ಮೈಲಿ ಹೋಗಿ ಬರುವವರಿಗೆ ಅದೇ ಸರಿ. ಲಾರಿ ದಾಟಲು ಪ್ರತಿ ಸಲ ಗೇರ್ ಇಳಿಸುತ್ತಾ ಕೂರುವುದು ದಣಿವಿನ ಕೆಲಸ. ಟ್ರ್ಯಾಕಿಗೆ ಹೋಗುವವರಿಗೂ ಅದೇ ಸರಿ. ಪೂರ್ತಿ ಹಣ ಕೈಯಲ್ಲೇ ಇದ್ದರೆ ಬಡ್ಡಿಯೂ ಇಲ್ಲ, ಅಂತರ ತಿಂಗಳಿಗೆ 32 ಪೌಂಡಿಗೆ ಇಳಿಯುತ್ತದೆ. ಅಂಥವರು ಹಿಂಜರಿಯಬೇಕಿಲ್ಲ. ನನ್ನ ಉಳಿತಾಯದಲ್ಲಿ ಇದ್ದದ್ದು 16,000. ಚಿಕ್ಕದಾದರೆ ಸಾಲವಿಲ್ಲದೆ ಬರುತ್ತಿತ್ತು.

1.5 ಕೊಂಡೆ. ನಮ್ಮನೆಯವರು ಎರಡನ್ನೂ ಓಡಿಸಿ ನೋಡಿದ್ದರು, ಅವರ ಮನಸ್ಸು ದೊಡ್ಡದರ ಮೇಲಿತ್ತು. ಆದರೂ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕದೆ ಕಾರಿನಲ್ಲಿ ಮನೆಗೆ ಬಂದ ಸಂಜೆ ಅವರೂ ಹಗುರಾಗಿದ್ದರು. ಮಿಕ್ಕ ಹಣದಲ್ಲಿ 480 ಪೌಂಡ್ ಕೊಟ್ಟು ಕಾರಿನ ತಳಕ್ಕೆ ತುಕ್ಕು ಹಿಡಿಯದ ಮೇಣ ಬಳಿಸಿದೆ. ಇಲ್ಲಿ ಚಳಿಗಾಲದಲ್ಲಿ ಮಂಜುಗಟ್ಟದಂತೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ತಳವನ್ನು ತಿನ್ನುತ್ತದೆ. ಎಂಜಿನ್ ಯಾವುದೇ ಇರಲಿ, ಈ ಖರ್ಚನ್ನು ಮಾತ್ರ ಬಿಡಬೇಡಿ. ಕೊಳ್ಳುವ ಮೊದಲು ಒಟ್ಟು ಪಾವತಿಯ ಮೊತ್ತವನ್ನು ಬರಹದಲ್ಲಿ ಕೇಳಿ, ವಿಮೆಯ ದರವನ್ನು ನಿಮ್ಮದೇ ಹೆಸರಿನಲ್ಲಿ ತರಿಸಿ, ನೀವು ನಿಜವಾಗಿ ಓಡಾಡುವ ರಸ್ತೆಯಲ್ಲೇ ಎರಡನ್ನೂ ಓಡಿಸಿ.

ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅಪ್ಪಯ್ಯನ ಕಾರಿನಲ್ಲಿದ್ದಂಥ ಗೂಡಿಲ್ಲ. ಎರಡು ಸೀಟಿನ ನಡುವೆ ಹಿಂದಕ್ಕೆ ಮುಚ್ಚಳದ ಪುಟ್ಟ ಪೆಟ್ಟಿಗೆಯಿದೆ, ಲೆಕ್ಕದ ಪುಸ್ತಕ ಅಲ್ಲಿರುತ್ತದೆ. ಮೊದಲ ಎರಡು ವರ್ಷದ ಪುಟಗಳ ಪ್ರಕಾರ ಓಡಿದ್ದು 9,640 ಮೈಲಿ, ಗ್ಯಾಲನ್ನಿಗೆ ಸರಾಸರಿ 43, ಟೈರು ಒಂದು ಜೊತೆ, ಸಾಲದ ಬಡ್ಡಿ ಸೊನ್ನೆ.