ಕಾಯಿಲೆ ಬಂದರೆ ರಾಜೀನಾಮೆ ಬರೆಯಬೇಡಿ: ದುಡಿಯುವ ಯುವಜನರಿಗೆ 9 ಸೂತ್ರಗಳು

ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಬೆಳಗಾದರೆ ಒಂದು ಗುಂಪು ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿ ಗೇಟುಗಳ ಕಡೆ ನಡೆಯುತ್ತದೆ, ಇನ್ನೊಂದು ರಿಂಗ್ ರೋಡಿನ ಟೆಕ್ ಪಾರ್ಕುಗಳ ಕಡೆ. ಎರಡರಲ್ಲೂ ಇಪ್ಪತ್ತು ಮೂವತ್ತರ ಹುಡುಗ ಹುಡುಗಿಯರೇ ಜಾಸ್ತಿ. ಹಾವೇರಿ, ಕಲಬುರಗಿ, ಹಾಸನದಿಂದ ಬಂದು, ಪಿಜಿಯಲ್ಲಿ ಉಳಿದು, ತಿಂಗಳಿಗಿಷ್ಟು ಅಂತ ಊರಿಗೆ ಕಳಿಸುವವರು. ಲಿಂಫೋಮಾ, ಟಿಬಿ, ಕಿಡ್ನಿ ಫೇಲ್ಯೂರ್, ಮಲ್ಟಿಪಲ್ ಸ್ಕ್ಲೆರೋಸಿಸ್ ಈ ವಯಸ್ಸಿನವರನ್ನೂ ಬಿಡುವುದಿಲ್ಲ. ರಿಪೋರ್ಟ್ ಕೈಗೆ ಬಂದ ವಾರದಲ್ಲೇ ಹಲವರು ಪೇಪರ್ ಹಾಕಿ ಊರಿನ ಬಸ್ ಹತ್ತುತ್ತಾರೆ. ಸಂಬಳ, ಇನ್ಶೂರೆನ್ಸ್, ಕಾನೂನಿನ ರಕ್ಷಣೆ ಮೂರೂ ಒಂದೇ ದಿನ ಕೈಬಿಡುತ್ತವೆ. ನೀವು ಹಾಗೆ ಮಾಡಬೇಡಿ. ಚಿಕಿತ್ಸೆಯನ್ನು ಡಾಕ್ಟರು ನೋಡಿಕೊಳ್ಳಲಿ, ಕೆಲಸ ಮತ್ತು ಹಣವನ್ನು ನೀವು ಒಂದು ಪ್ರಾಜೆಕ್ಟ್‌ನಂತೆ ನಡೆಸಿ.

1. ಆ ಮೀಟಿಂಗ್‌ನಲ್ಲಿ ಸಹಿ ಹಾಕಬೇಡಿ.

ಆ ಮೀಟಿಂಗ್ ಹೇಗಿರುತ್ತದೆ ಎಂದು ಮೊದಲೇ ತಿಳಿದಿರಿ. ಸಣ್ಣ ರೂಮ್, ಎಚ್‌ಆರ್ ಜೊತೆಗೆ ನಿಮ್ಮ ಮ್ಯಾನೇಜರ್, ಮೆತ್ತಗಿನ ದನಿ. "ನೀವೇ ರಿಸೈನ್ ಮಾಡಿಬಿಟ್ಟರೆ ರಿಲೀವಿಂಗ್ ಲೆಟರ್ ಕ್ಲೀನ್ ಆಗಿ ಬರುತ್ತೆ, ಆಮೇಲೆ ಆರಾಮಾಗಿ ಟ್ರೀಟ್‌ಮೆಂಟ್ ತಗೊಳ್ಳಿ" ಎನ್ನುತ್ತಾರೆ. ಕಾಳಜಿಯಿಂದಲೇ ಹೇಳಿರಬಹುದು. ಆದರೂ ನಿಮ್ಮ ಉತ್ತರ ಒಂದೇ ಇರಲಿ: "ಇದನ್ನು ಮೇಲ್‌ನಲ್ಲಿ ಕಳಿಸಿ, ಓದಿ ಉತ್ತರ ಕೊಡ್ತೀನಿ."

ಕಾರಣ ಇಷ್ಟೇ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ 39ನೇ ಕಲಂ ಪ್ರಕಾರ, ಸತತ 6 ತಿಂಗಳು ದುಡಿದವರನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ತೆಗೆದರೆ ಮೇಲ್ಮನವಿ ಹಾಕಬಹುದು. ಈ ರಕ್ಷಣೆ ತೆಗೆದುಹಾಕಲ್ಪಟ್ಟವರಿಗೆ. ತಾವೇ ಬಿಟ್ಟವರಿಗೆ ಇದು ಸಿಗುವುದಿಲ್ಲ. ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಮತ್ತೆ 5 ವರ್ಷಕ್ಕೆ ಮುಂದುವರಿಸಿದಾಗ ಷರತ್ತುಗಳನ್ನೂ ಹಾಕಿತು. ಕಂಪನಿಯೊಳಗೆ ಕುಂದುಕೊರತೆ ಸಮಿತಿ ಇರಬೇಕು ಎಂಬುದು ಅವುಗಳಲ್ಲೊಂದು. ಆ ಸಮಿತಿಯ ಮೇಲ್ ಐಡಿ ಇವತ್ತೇ ಹುಡುಕಿಟ್ಟುಕೊಳ್ಳಿ.

ಡಾಕ್ಟರಿಂದ ಒಂದು ಪತ್ರವನ್ನೂ ಪಡೆಯಿರಿ. ಚಿಕಿತ್ಸೆ ಎಷ್ಟು ತಿಂಗಳು, ಯಾವ ದಿನಗಳಲ್ಲಿ ಬರಲಾಗದು, ಅಂದಾಜು ಯಾವಾಗ ಕೆಲಸಕ್ಕೆ ಮರಳಬಹುದು ಎಂಬ ಮೂರು ಸಾಲು ಸಾಕು. ಮರಳುವ ತಿಂಗಳು ಕಾಗದದ ಮೇಲಿದ್ದರೆ "ಇವರು ವಾಪಸ್ ಬರುವುದಿಲ್ಲ" ಎಂಬ ವಾದಕ್ಕೆ ಬಲವಿರುವುದಿಲ್ಲ.

2. ಪೇಸ್ಲಿಪ್ ತೆಗೆಯಿರಿ, ಇಎಸ್‌ಐ ಸಾಲು ಹುಡುಕಿ.

ತಿಂಗಳ ವೇತನ ₹21,000ದೊಳಗಿದ್ದರೆ, ಅಂಗವಿಕಲರಾದರೆ ₹25,000ದೊಳಗಿದ್ದರೆ, ನೀವು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿದ್ದೀರಿ. ನಿಮ್ಮಿಂದ ಶೇ 0.75, ಕಂಪನಿಯಿಂದ ಶೇ 3.25. ₹20,000 ಸಂಬಳಕ್ಕೆ ನಿಮ್ಮ ಕೈಯಿಂದ ಹೋಗುವುದು ₹150, ಕಂಪನಿ ಕಟ್ಟುವುದು ₹650. "ಆ ದರಿದ್ರ ಇಎಸ್‌ಐ ಕಟ್ ಮಾಡ್ತಾರೆ" ಎಂದು ಗೊಣಗುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಈ ದುಡ್ಡಿಗೆ ಇಷ್ಟು ರಕ್ಷಣೆ ಕೊಡುವ ಪಾಲಿಸಿ ಮಾರುಕಟ್ಟೆಯಲ್ಲಿಲ್ಲ.

ನೀವು ಹೌಸ್‌ಕೀಪಿಂಗ್, ಸೆಕ್ಯೂರಿಟಿ ಅಥವಾ ಪ್ಯಾಕಿಂಗ್ ಲೈನ್‌ನಲ್ಲಿ ಕಂಟ್ರಾಕ್ಟ್ ಮೇಲಿದ್ದೀರಾ? ಆಧಾರ್ ಕೊಟ್ಟು ಇಎಸ್‌ಐ ನಂಬರ್ ಕೇಳಿ ಪಡೆಯಿರಿ. ಕಂಟ್ರಾಕ್ಟರ್ ಹಣ ಕಟ್ಟಿಲ್ಲದಿದ್ದರೆ ಅದಕ್ಕೆ ಮೂಲ ಮಾಲೀಕರೇ ಹೊಣೆ. ಆ ತಪ್ಪಿಗೆ ನಿಮ್ಮ ಸೌಲಭ್ಯ ನಿಲ್ಲಬೇಕಿಲ್ಲ.

3. 91 ದಿನಕ್ಕೆ ನಿಲ್ಲಬೇಡಿ, 2 ವರ್ಷದವರೆಗೆ ಕೇಳಿ.

ಇಲ್ಲಿ ನಿಧಾನವಾಗಿ ಓದಿ, ಹೆಚ್ಚಿನವರು ಹಣ ಬಿಟ್ಟುಬರುವುದು ಇಲ್ಲೇ. ಸಾಮಾನ್ಯ ಕಾಯಿಲೆಗೆ ಇಎಸ್‌ಐ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಕೊಡುತ್ತದೆ. ಅದಕ್ಕೆ 6 ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಡಿಸ್ಪೆನ್ಸರಿಯಲ್ಲಿ ಎಲ್ಲರಿಗೂ ಗೊತ್ತಿರುವುದು ಇಷ್ಟು.

ಇದರ ಮುಂದೆ ವಿಸ್ತರಿತ ಕಾಯಿಲೆ ಭತ್ಯೆ ಇದೆ. ಕ್ಯಾನ್ಸರ್, ಟಿಬಿ, ದೀರ್ಘಕಾಲದ ಕಿಡ್ನಿ ವೈಫಲ್ಯ ಸೇರಿ 34 ದೀರ್ಘಕಾಲದ ಕಾಯಿಲೆಗಳ ಪಟ್ಟಿಯೇ ಇದೆ. ನಿಮ್ಮ ಕಾಯಿಲೆ ಅದರಲ್ಲಿದ್ದರೆ ಶೇ 80ರಷ್ಟು ಕೂಲಿ, ಗರಿಷ್ಠ 2 ವರ್ಷದವರೆಗೆ. ₹20,000 ಸಂಬಳದವರಿಗೆ ತಿಂಗಳಿಗೆ ಸುಮಾರು ₹16,000. ಕೀಮೋ ನಡೆಯುವಾಗ ಪಿಜಿ ಬಾಡಿಗೆ ಮತ್ತು ಮನೆಯ ರೇಷನ್ ಎರಡನ್ನೂ ಎಳೆಯುವ ಮೊತ್ತ ಇದು. ಷರತ್ತು ಎರಡು: 2 ವರ್ಷದ ನಿರಂತರ ಇಎಸ್‌ಐ ಉದ್ಯೋಗ, ಹಿಂದಿನ 4 ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ. ಆದ್ದರಿಂದಲೇ ಐದುನೂರು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಇಎಸ್‌ಐ ಇಲ್ಲದ ಕಡೆಗೆ ಹಾರಬೇಡಿ.

ಏನು ಮಾಡಬೇಕು? ನಿಮ್ಮ ಡಿಸ್ಪೆನ್ಸರಿಗೆ ಹೋಗಿ. ಅಲ್ಲಿಂದ ಇಂದಿರಾನಗರ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ರೆಫರಲ್ ಪಡೆಯಿರಿ. ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಒಂದನ್ನೂ ತಪ್ಪಿಸದೆ ಬ್ರಾಂಚ್ ಆಫೀಸಿಗೆ ಕೊಡಿ. ಕೌಂಟರಿನಲ್ಲಿ "ವಿಸ್ತರಿತ ಭತ್ಯೆಗೆ ಅರ್ಜಿ" ಎಂದು ಬಾಯಿಬಿಟ್ಟು ಹೇಳಿ. ಪ್ರತಿ ಕಾಗದದ ಜೆರಾಕ್ಸ್‌ಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದಿದ್ದರೆ ಕಾಗದ ಕೊಟ್ಟಿದ್ದೀರಿ ಎಂದು ಆಮೇಲೆ ತೋರಿಸಲಾಗದು.

ಭತ್ಯೆ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯಬಾರದು, ಶಿಕ್ಷಿಸಬಾರದು ಎಂದೇ 1948ರ ಇಎಸ್‌ಐ ಕಾಯ್ದೆಯಲ್ಲಿ 73ನೇ ಕಲಂ ಬರೆಯಲಾಗಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕಂಪನಿಗೆ ಪತ್ರ ಬರೆಯುವ ಮುಂಚೆ ಈಗಿನ ಕಲಂ ಸಂಖ್ಯೆಯನ್ನು ಬ್ರಾಂಚ್ ಆಫೀಸಿನಲ್ಲಿ ಕೇಳಿ, ಅದನ್ನೇ ನಮೂದಿಸಿ.

4. ₹21,000 ದಾಟಿದ್ದೀರಾ? ಸ್ವಂತ ಪಾಲಿಸಿ ಮಾಡಿಸಿ.

ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕಂಪನಿಯದು, ನಿಮ್ಮದಲ್ಲ. ಕೊನೆಯ ದಿನ ಬ್ಯಾಡ್ಜ್ ಜೊತೆಗೆ ಅದೂ ಹೋಗುತ್ತದೆ. 24ನೇ ವಯಸ್ಸಿನಲ್ಲಿ, ಆರೋಗ್ಯ ಚೆನ್ನಾಗಿರುವಾಗಲೇ ಒಂದು ವೈಯಕ್ತಿಕ ಪಾಲಿಸಿ ತೆಗೆದುಕೊಳ್ಳಿ. ಪ್ರೀಮಿಯಂ ಕಡಿಮೆ, 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿಯೂ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 3 ವರ್ಷ. ಬೇಗ ಶುರು ಮಾಡಿದರೆ ಬೇಗ ಮುಗಿಯುತ್ತದೆ.

ಈಗಾಗಲೇ ಕಾಯಿಲೆ ಬಂದಿದ್ದು ಕಂಪನಿ ಬಿಡಲೇಬೇಕಾದರೆ, ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಷನ್ ಕೇಳಿ. ನೋಟಿಸ್ ಪೀರಿಯಡ್ ಮುಗಿಯುವ ಮೊದಲೇ ಕೇಳಿ, ಲಿಖಿತದಲ್ಲಿ ಕೇಳಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆದು ಬೆಂಗಳೂರಿನಲ್ಲೇ ಇರುವ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ವಕೀಲರೂ ಬೇಡ, ಶುಲ್ಕವೂ ಇಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ಇನ್ಶೂರೆನ್ಸ್ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಡಿಪ್ರೆಶನ್‌ಗೆ ಅಡ್ಮಿಟ್ ಆದವರು ಇದನ್ನು ಬಳಸಿ.

5. ಪಿಎಫ್ ಅಡ್ವಾನ್ಸ್ ತೆಗೆಯಿರಿ, ಖಾತೆ ಮುಚ್ಚಬೇಡಿ.

ಕಾಯಿಲೆಯ ಕಾರಣಕ್ಕೆ ಕೆಲಸದಲ್ಲಿದ್ದುಕೊಂಡೇ ಪಿಎಫ್‌ನಿಂದ ಹಣ ಪಡೆಯಬಹುದು. ಫಾರ್ಮ್ 31, ಎಲ್ಲ ಆನ್‌ಲೈನ್. 2025ರ ಜೂನ್‌ನಲ್ಲಿ ಆಟೋ ಸೆಟಲ್‌ಮೆಂಟ್ ಮಿತಿಯನ್ನು ₹1 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಿದ್ದಾರೆ. ಕ್ಲೇಮ್ ಸಿಕ್ಕಿಬೀಳುವುದು ಹೆಸರಿನ ಸ್ಪೆಲ್ಲಿಂಗ್‌ನಲ್ಲಿ. ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಒಂದೇ ಹೆಸರು ಇರಲಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ತಂದೆಯ ಹೆಸರು ಸೇರಿ, ಆಧಾರ್‌ನಲ್ಲಿ ಬರೀ ಇನಿಶಿಯಲ್ ಇರುವವರು ಈ ಭಾನುವಾರವೇ ಸರಿಪಡಿಸಲು ಕೂರಿ. ನಾಮಿನಿ ಹೆಸರನ್ನೂ ತುಂಬಿ.

6. ಸರ್ಕಾರಿ ದಾರಿಯನ್ನು ಕೀಳೆಂದು ನೋಡಬೇಡಿ.

ಸ್ವಿಗ್ಗಿ, ಝೊಮ್ಯಾಟೊ ಓಡಿಸುವವರಿಗೆ, ಅಪ್ರೆಂಟಿಸ್‌ಗಳಿಗೆ, ಓದುತ್ತಿರುವವರಿಗೆ ಇದೇ ಮುಖ್ಯ ದಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ₹1.5 ಲಕ್ಷದ ಮಿತಿ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಿಮಗೆ ಹತ್ತಿರ ಸಿ.ವಿ. ರಾಮನ್ ಆಸ್ಪತ್ರೆ ಅಥವಾ ಕೆ.ಆರ್. ಪುರದ ಆಸ್ಪತ್ರೆ. ರೆಫರಲ್ ಇಲ್ಲದೆ ಖಾಸಗಿಯಲ್ಲಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಕೆಡುತ್ತದೆ.

ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ಕಿಡ್ನಿಗೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ, ನರ ಮತ್ತು ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್. ದೇಶದ ನಾನಾ ಕಡೆಯಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆಗಳು ನಿಮ್ಮ ಊರಿನಲ್ಲೇ ಇವೆ. ಟಿಬಿ ರೋಗಿಗೆ ಚಿಕಿತ್ಸೆಯುದ್ದಕ್ಕೂ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ₹1,000 ಬ್ಯಾಂಕ್ ಖಾತೆಗೆ ಬರುತ್ತದೆ. ಖರ್ಚು ಮಿತಿ ಮೀರಿದರೆ ಶಾಸಕರ ಪತ್ರದೊಂದಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ. ಕೇಳಲು ನಾಚಿಕೆಯೇ? ಈ ಯೋಜನೆಗಳು ನಡೆಯುವುದು ನೀವೂ ಕಟ್ಟಿದ ತೆರಿಗೆಯಲ್ಲಿ.

7. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡ್ ನಿಮಗೆ ಸಿಗುತ್ತದೆಯೇ ನೋಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯವನ್ನು ಗುರುತಿಸುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್, ಮಾನಸಿಕ ಕಾಯಿಲೆ ಅದರಲ್ಲಿವೆ. ಕ್ಯಾನ್ಸರ್ ಇಲ್ಲ. ಆದರೆ ಕ್ಯಾನ್ಸರ್‌ನಿಂದ ಕಾಲು ಹೋದರೆ, ಧ್ವನಿಪೆಟ್ಟಿಗೆ ತೆಗೆದರೆ, ಆ ವೈಕಲ್ಯಕ್ಕೆ ಕಾರ್ಡ್ ಸಿಗುತ್ತದೆ. ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20ಕ್ಕಿಂತ ಕಡಿಮೆಯಿಲ್ಲದ ನೌಕರರಿದ್ದರೆ ಅದಕ್ಕೊಬ್ಬ ಸಂಪರ್ಕ ಅಧಿಕಾರಿಯೂ ಇರಬೇಕು. ಆ ಅಧಿಕಾರಿ ಯಾರು ಎಂದು ಮೇಲ್‌ನಲ್ಲಿ ಕೇಳಿ.

8. ಬಾಸ್‌ಗೆ ಬೇಕಾದಷ್ಟೇ ಹೇಳಿ.

ಇಡೀ ಮೆಡಿಕಲ್ ಫೈಲ್ ತೋರಿಸುವ ಅಗತ್ಯವಿಲ್ಲ. ಯಾವ ದಿನ ಬರಲಾಗದು, ಯಾವ ಕೆಲಸ ಮನೆಯಿಂದ ಮಾಡಬಲ್ಲಿರಿ, ಯಾರಿಗೆ ಹ್ಯಾಂಡೋವರ್ ಕೊಡುತ್ತೀರಿ ಎಂಬ ಪ್ಲಾನ್ ಕೊಡಿ. ಮ್ಯಾನೇಜರ್‌ಗೆ ಪ್ಲಾನ್ ಸಿಕ್ಕರೆ ಭಯ ಇಳಿಯುತ್ತದೆ. ಮಾತಾಡಿದ್ದನ್ನು ಅದೇ ಸಂಜೆ ಮೇಲ್ ಮಾಡಿ ದಾಖಲಿಸಿ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಕೆಲಸ ನಿರಾಕರಿಸುವುದು, ತೆಗೆಯುವುದು 2017ರ ಎಚ್‌ಐವಿ ಕಾಯ್ದೆಯಡಿ ಖಾಸಗಿ ಕಂಪನಿಗೂ ನಿಷಿದ್ಧ. "ನನ್ನಿಂದ ಟೀಮಿಗೆ ಹೊರೆ" ಎಂದು ಪದೇ ಪದೇ ಹೇಳಿಕೊಳ್ಳುವುದು ಒಂದು ಅಭ್ಯಾಸ. ಬಾಯಿಗೆ ಬಂದಾಗಲೆಲ್ಲ ತಡೆಯಿರಿ. ನೀವು ರಜೆಯನ್ನು ಗಳಿಸಿದ್ದೀರಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ವರ್ಷಕ್ಕೆ 12 ದಿನ ಸಿಕ್ ಲೀವ್, ಅದರ ಮೇಲೆ 20 ದಿನದ ದುಡಿಮೆಗೆ ಒಂದು ದಿನದ ಗಳಿಕೆ ರಜೆ. ಮೊದಲು ಅದನ್ನು ಬಳಸಿ, ಆಮೇಲೆ ಲಾಸ್ ಆಫ್ ಪೇ.

9. ಬಿಡಲೇಬೇಕಾಗಿ ಬಂದರೆ, ಲೆಕ್ಕ ಮುಗಿಸಿ ಬಿಡಿ.

ಕೆಲವರಿಗೆ ದೇಹ ಒಪ್ಪುವುದಿಲ್ಲ. ಆಗಲೂ ಖಾಲಿ ಕೈಯಲ್ಲಿ ಹೋಗಬೇಡಿ. ಗ್ರಾಚ್ಯುಟಿಗೆ 5 ವರ್ಷ ಆಗಬೇಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ದೇಹ ಊನವಾಗಿ ಕೆಲಸ ನಿಂತರೆ ಆ 5 ವರ್ಷದ ಷರತ್ತು ಅನ್ವಯಿಸುವುದಿಲ್ಲ. ಕೆಲಸದಲ್ಲಿದ್ದಾಗಲೇ ಶಾಶ್ವತವಾಗಿ ಸಂಪೂರ್ಣ ಅಶಕ್ತರಾದರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಪಿಎಫ್‌ನ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ಇದೆ, ಅದಕ್ಕೆ ಫಾರ್ಮ್ 10ಡಿ. ಬಿಡುವ ಪತ್ರದಲ್ಲಿ "ವೈಯಕ್ತಿಕ ಕಾರಣ" ಎಂದು ಬರೆಯಬೇಡಿ. "ಅನಾರೋಗ್ಯದ ಕಾರಣ" ಎಂದೇ ಬರೆಯಿರಿ, ಡಾಕ್ಟರ ಪತ್ರ ಲಗತ್ತಿಸಿ. ಮುಂದೆ ಕೇಳುವ ಪ್ರತಿ ಹಣಕ್ಕೂ ಆ ಎರಡು ಪದವೇ ದಾಖಲೆ.

ಪಕ್ಕದ ಸೀಟಿನವರು, ರೂಮ್‌ಮೇಟ್, ಲೈನ್‌ನಲ್ಲಿ ಜೊತೆಗೆ ನಿಲ್ಲುವವರು ಕಾಯಿಲೆ ಬಿದ್ದಿದ್ದರೆ ಹಣ್ಣಿನ ಕವರ್ ಜೊತೆಗೆ ಅರ್ಧ ದಿನ ರಜೆಯನ್ನೂ ಕೊಡಿ. ಕೀಮೋ ಆದವರಿಗೆ ಕ್ಯೂನಲ್ಲಿ ನಿಲ್ಲುವ ಶಕ್ತಿ ಇರುವುದಿಲ್ಲ. ಅವರ ಫೈಲ್ ಹಿಡಿದು ಇಎಸ್‌ಐ ಬ್ರಾಂಚ್ ಆಫೀಸಿಗೆ ನೀವೇ ಜೊತೆಗೆ ಹೋಗಿ, ಸೀಲ್ ಹಾಕಿಸಿಕೊಂಡೇ ಬನ್ನಿ.