ಮೂರು ದಿನದಲ್ಲಿ ಹಲ್ಲು: ಬೇಸಲ್ ಇಂಪ್ಲಾಂಟ್‌ಗೆ ಒಪ್ಪುವ ಮುನ್ನ

ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ಸವೆಯುತ್ತದೆ. ಮೊದಲ ವರ್ಷದಲ್ಲೇ ಈ ಸವೆತ ಹೆಚ್ಚು. ಬಹುಕಾಲ ಹಲ್ಲಿನ ಸೆಟ್ ಹಾಕಿಕೊಂಡವರ ದವಡೆ ಎಷ್ಟು ತೆಳುವಾಗುತ್ತದೆಂದರೆ, ಊಟಕ್ಕೆ ಕೂತಾಗ ಸೆಟ್ ನಿಲ್ಲುವುದೇ ಇಲ್ಲ. ಅಂಥವರಿಗೆ ಮೂಳೆ ಕಸಿಯಿಲ್ಲದೆ, ಕೆಲವೇ ದಿನಗಳಲ್ಲಿ ಸ್ಥಿರ ಹಲ್ಲು ಕೊಡಬಲ್ಲ ವಿಧಾನ ಬೇಸಲ್ ಇಂಪ್ಲಾಂಟ್. ಚಿಕಿತ್ಸೆ ಬೇಗ ಮುಗಿಯುತ್ತದೆ ನಿಜ. ಆದರೆ ಅದಕ್ಕೆ ಒಪ್ಪುವ ನಿರ್ಧಾರ ಅವಸರದಲ್ಲಿ ಆಗಬಾರದು.

ಏನಿದು?

ದವಡೆಯ ಮೂಳೆ ಒಳಗೆ ಮೆದು, ಹೊರಕವಚದಲ್ಲಿ ಗಟ್ಟಿ. 1965ರಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ರೋಗಿಗಳಲ್ಲಿ ಆರಂಭಿಸಿದ ಟೈಟಾನಿಯಂ ಇಂಪ್ಲಾಂಟ್ ಹಲ್ಲು ಕೂತಿದ್ದ ದಿಂಡಿನ ಮೂಳೆಯಲ್ಲಿ ಕೂರುತ್ತದೆ. ಅದು ಮೂಳೆಯೊಂದಿಗೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಬೇಸಲ್ ಇಂಪ್ಲಾಂಟ್ ಉದ್ದನೆಯ, ತೆಳುವಾದ, ಹೆಚ್ಚಾಗಿ ಒಂದೇ ತುಂಡಿನ ಸ್ಕ್ರೂ. ಸವೆದ ದಿಂಡನ್ನು ದಾಟಿ, ಮೂಗಿನ ತಳ, ಮೇಲ್ದವಡೆಯ ಹಿಂಭಾಗ ಅಥವಾ ಕೆಳದವಡೆಯ ಆಳದಲ್ಲಿರುವ ಗಟ್ಟಿ ಮೂಳೆಯನ್ನೇ ಕಚ್ಚಿ ಹಿಡಿಯುತ್ತದೆ. ಹಿಡಿತ ಆ ಕ್ಷಣವೇ ಸಿಗುವುದರಿಂದ ಸುಮಾರು 72 ಗಂಟೆಯೊಳಗೆ ಎಲ್ಲ ಇಂಪ್ಲಾಂಟ್‌ಗಳನ್ನೂ ಜೋಡಿಸುವ ಸ್ಥಿರ ಹಲ್ಲಿನ ಸಾಲು ಕೂರಿಸುತ್ತಾರೆ.

ಹಂತ 1: ನಿಮಗೆ ಇದು ಬೇಕೇ?

ಒಂದೆರಡು ಹಲ್ಲು ಹೋಗಿ, ಮೂಳೆ ಚೆನ್ನಾಗಿದ್ದರೆ ಸಾಂಪ್ರದಾಯಿಕ ಇಂಪ್ಲಾಂಟ್ ಅಥವಾ ಬ್ರಿಡ್ಜ್ ಸಾಕಾಗಬಹುದು. ದೀರ್ಘಕಾಲದ ಅಧ್ಯಯನಗಳ ಬೆಂಬಲವೂ ಸಾಂಪ್ರದಾಯಿಕ ಇಂಪ್ಲಾಂಟ್‌ಗೇ ಹೆಚ್ಚು. ಹಲ್ಲಿನ ಇಡೀ ಸಾಲು ಹೋಗಿ ಮೂಳೆ ಸವೆದವರು ಬೇಸಲ್ ಬಗ್ಗೆ ಯೋಚಿಸಬಹುದು. ಉಳಿಸಬಹುದಾದ ಹಲ್ಲುಗಳನ್ನೂ ಕಿತ್ತು ಪೂರ್ತಿ ಸಾಲನ್ನೇ ಹಾಕೋಣ ಎಂದು ವೈದ್ಯರು ಹೇಳಿದರೆ ಇನ್ನೊಬ್ಬ ದಂತವೈದ್ಯರನ್ನು ಕೇಳದೆ ಒಪ್ಪಬೇಡಿ.

ಹಂತ 2: ಆರೋಗ್ಯದ ಲೆಕ್ಕ ಒಪ್ಪಿಸಿ

ಸಕ್ಕರೆ ಕಾಯಿಲೆಯಿದ್ದರೆ ಇತ್ತೀಚಿನ ಎಚ್‌ಬಿಎ1ಸಿ ವರದಿ ಒಯ್ಯಿರಿ. ಮೂಳೆ ಸವೆತಕ್ಕೋ (ಆಸ್ಟಿಯೊಪೊರೋಸಿಸ್) ಕ್ಯಾನ್ಸರ್‌ಗೋ ಜೊಲೆಡ್ರೊನಿಕ್ ಆಸಿಡ್, ಡೆನೊಸುಮ್ಯಾಬ್‌ನಂಥ ಔಷಧ ಪಡೆದಿದ್ದರೆ, ತಲೆ-ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ ತಪ್ಪದೆ ಹೇಳಿ. ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯ ಇಂಥವರಿಗಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಅಡಿಕೆ, ಗುಟ್ಕಾ ಅಗಿಯುವವರು ಒಂದು ಪರೀಕ್ಷೆ ಮಾಡಿ ನೋಡಿ. ಮೂರು ಬೆರಳನ್ನು ಲಂಬವಾಗಿ ಜೋಡಿಸಿದರೆ ಮುಂಭಾಗದ ಹಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ ಕೆನ್ನೆಯ ಒಳಪದರ ಗಟ್ಟಿಯಾಗಿರಬಹುದು. ಮೊದಲು ಅದರ ತಪಾಸಣೆ, ಆಮೇಲೆ ಇಂಪ್ಲಾಂಟ್ ಮಾತು.

ಹಂತ 3: ಸಿಬಿಸಿಟಿ ಸ್ಕ್ಯಾನ್ ಮಾಡಿಸಿ

ಇಂಥ ಚಿಕಿತ್ಸೆಗೆ ಸಾಮಾನ್ಯ ಎಕ್ಸ್‌ರೇ ಸಾಲದು. ಮೂರು ಆಯಾಮದ ಈ ಸಿಬಿಸಿಟಿ ಸ್ಕ್ಯಾನ್‌ನಲ್ಲಿ, ಪರದೆಯ ಮೇಲೆ ಗಟ್ಟಿ ಮೂಳೆ ಬೆಳ್ಳಗೆ ಹೊಳೆಯುವ ಅಂಚಾಗಿ, ಕೆಳದವಡೆಯ ನರದ ಕಾಲುವೆ ಕಪ್ಪು ಗೆರೆಯಾಗಿ ಕಾಣುತ್ತದೆ. ಸ್ಕ್ರೂ ಎಲ್ಲಿ ಹೋಗುತ್ತದೆ, ನರದಿಂದ ಎಷ್ಟು ದೂರ ಎಂದು ತೋರಿಸಲು ಹೇಳಿ.

ಹಂತ 4: ಈ ಪ್ರಶ್ನೆಗಳನ್ನು ಕೇಳಿ

- ನಿಮ್ಮ ಅರ್ಹತೆ ಏನು? (ಬಾಯಿ-ಮುಖ-ದವಡೆ ಶಸ್ತ್ರಚಿಕಿತ್ಸೆ ಅಥವಾ ಕೃತಕ ದಂತ ವಿಭಾಗದಲ್ಲಿ ಎಂಡಿಎಸ್ ಆಗಿದ್ದರೆ ಒಳ್ಳೆಯದು. ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ಕೇಳಿ.)
- ಐದು ವರ್ಷ ಹಿಂದೆ ಇದೇ ಚಿಕಿತ್ಸೆ ಪಡೆದವರು ಈಗ ಹೇಗಿದ್ದಾರೆ?
- ಒಂದು ಇಂಪ್ಲಾಂಟ್ ಸಡಿಲವಾದರೆ ಏನು ಮಾಡುತ್ತೀರಿ, ಖರ್ಚು ಯಾರದು?

ಕೊನೆಯ ಪ್ರಶ್ನೆಯೇ ಮುಖ್ಯ. ಹಲ್ಲುಗಳೆಲ್ಲ ಒಂದಕ್ಕೊಂದು ಬೆಸೆದಿರುವುದರಿಂದ ಒಂದು ಇಂಪ್ಲಾಂಟ್ ಕೆಟ್ಟರೆ ಇಡೀ ಸಾಲನ್ನೇ ಬಿಚ್ಚಬೇಕಾಗಬಹುದು.

ಹಂತ 5: ಶಸ್ತ್ರಚಿಕಿತ್ಸೆಯ ದಿನ

ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಅರಿವಳಿಕೆ ಕೊಡುತ್ತಾರೆ. ಇಂಪ್ಲಾಂಟ್ ಕೂರಿಸಿದ ನಂತರ ಹಲ್ಲಿನ ಅಳತೆ ತೆಗೆಯುತ್ತಾರೆ. ಊತ, ನೋವು ಕೆಲವು ದಿನ ಸಹಜ. ಆದರೆ ಮರುದಿನವೂ ತುಟಿ, ಗಲ್ಲ ಮರಗಟ್ಟಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಮೂಗಿನಿಂದ ನೀರು ಸೋರಿದರೆ ಸೈನಸ್ ತಪಾಸಣೆ ಬೇಕು. ಎರಡಕ್ಕೂ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ.

ಹಂತ 6: ಮೊದಲ ತಿಂಗಳುಗಳು

ಹಲ್ಲು ಬಂತೆಂದು ಚಕ್ಕುಲಿ, ಕಬ್ಬಿಗೆ ಕೈಹಾಕಬೇಡಿ. ಗಂಜಿ, ಮೆತ್ತಗಿನ ಅನ್ನ, ಇಡ್ಲಿಯಿಂದ ಶುರುಮಾಡಿ, ವೈದ್ಯರು ಹೇಳಿದಂತೆ ಗಟ್ಟಿ ಆಹಾರಕ್ಕೆ ಬನ್ನಿ. ಎರಡೂ ಬದಿಯಲ್ಲಿ ಸಮನಾಗಿ ಅಗಿಯಿರಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮೊದಲೇ ತಿಳಿಸಿ. ಹಲ್ಲಿನ ಸಾಲಿನ ಅಡಿಯಲ್ಲಿ ಸಿಕ್ಕಿಕೊಳ್ಳುವ ಅಗುಳನ್ನು ಸಣ್ಣ ಬ್ರಷ್‌ನಿಂದ ದಿನವೂ ತೆಗೆಯಿರಿ. ಬೀಡಿ, ಸಿಗರೇಟು, ತಂಬಾಕು ಬಿಡಿ.

ಇಂಪ್ಲಾಂಟ್‌ನ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಚೀಟಿ ಮತ್ತು ಸ್ಕ್ಯಾನ್ ಪ್ರತಿ ಕೇಳಿ ಪಡೆದು ಜೋಪಾನವಾಗಿಡಿ. ಮುಂದೆ ಬೇರೆ ಊರಿನ ವೈದ್ಯರ ಬಳಿ ಹೋಗಬೇಕಾಗಿ ಬಂದರೆ, ನಿಮ್ಮ ಬಾಯೊಳಗೆ ಏನಿದೆ ಎಂದು ಅವರಿಗೆ ತಿಳಿಯುವುದು ಅದರಿಂದಲೇ.