ಚಕ್ಕುಲಿಯ ಆಪರೇಷನ್, ಬಿಲ್ಲಿನಾಚೆಯ ಖರ್ಚು

ಗಿನಿಪಿಗ್ ಆಪರೇಷನ್‌ಗೆ ಎಷ್ಟಾಗುತ್ತದೆ ಎಂದು ಕೇಳಿದರೆ ಒಂದೇ ಫೋನ್ ಕರೆಯಲ್ಲಿ ಉತ್ತರ ಸಿಗುತ್ತದೆ. ಆಪರೇಷನ್ ಆದ ಮೇಲಿನ ದಿನಗಳಿಗೆ ಎಷ್ಟಾಗುತ್ತದೆ ಎಂದರೆ ಕೌಂಟರ್‌ನಲ್ಲಿ ಕೂತವರು ಮುಖ ನೋಡುತ್ತಾರೆ. ಹಣದ ವಿಷಯ ಬರೆದೇ ಹೊಟ್ಟೆ ಹೊರೆಯುವ ಬೆಂಗಳೂರಿನ ಈ ಅಂಕಣಗಾರ್ತಿ ಎರಡನೇ ಪ್ರಶ್ನೆಯನ್ನೇ ಮೊದಲು ಕೇಳಿದಳು. ಉತ್ತರ ಸಿಗದೆ, ಕೊನೆಗೆ ತಾನೇ ಒಂದು ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟಳು.

ರೋಗಿಯ ಹೆಸರು ಚಕ್ಕುಲಿ. ಮಗಳು ಇಟ್ಟ ಹೆಸರು. ಮೂತ್ರದಲ್ಲಿ ರಕ್ತ ಕಂಡಿತು, ಎಕ್ಸ್‌ರೇ ತೆಗೆಸಿದರೆ ಮೂತ್ರಕೋಶದಲ್ಲಿ ಕಲ್ಲು. ಗಿನಿಪಿಗ್‌ಗಳಲ್ಲಿ ಇದು ಅಪರೂಪವೇನಲ್ಲ. ಕಲ್ಲು ಬಹುಪಾಲು ಕ್ಯಾಲ್ಸಿಯಂನದ್ದೇ ಆಗಿರುವುದರಿಂದ ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಅರಿವಳಿಕೆ, ಆಪರೇಷನ್ ಎಲ್ಲ ಸೇರಿ ಖಾಸಗಿ ಆಸ್ಪತ್ರೆ ಕೊಟ್ಟ ಅಂದಾಜು 18,000 ರೂಪಾಯಿ.

ಲೆಕ್ಕಪರಿಶೋಧಕನಾದ ಅಣ್ಣ ಫೋನಿನಲ್ಲೇ ಲೆಕ್ಕ ಮುಗಿಸಿದ. "ಅಲ್ಲ ಕಣೇ, ಸಾವಿರ ರೂಪಾಯಿ ಕೊಟ್ರೆ ಹೊಸದು ಬರುತ್ತೆ. ಹದಿನೆಂಟು ಸಾವಿರ ಕೊಟ್ಟು ಹಳೇದನ್ನ ರಿಪೇರಿ ಮಾಡಿಸ್ತೀಯಾ?"

"ನಿನ್ನ ಹಳೇ ಸ್ಕೂಟರ್‌ಗೆ ಎಷ್ಟು ಸುರಿದಿದೀಯ ಅಣ್ಣ?"

ಮಾತು ಅಲ್ಲಿಗೆ ನಿಂತಿತು. ಪೆರುವಿನ ಬೆಟ್ಟಗಳಲ್ಲಿ ಈ ಪ್ರಾಣಿಯನ್ನು ಇಂದಿಗೂ ಊಟಕ್ಕಾಗಿ ಸಾಕುತ್ತಾರೆ ಎಂಬ ವಿಷಯ ಸಂಜೆ ಅವನಿಂದ ವಾಟ್ಸ್ಆ್ಯಪ್‌ನಲ್ಲಿ ಬಂತು. ಅದನ್ನು ಮಗಳಿಗೆ ತೋರಿಸಲಿಲ್ಲ.

ಅಣ್ಣನ ಲೆಕ್ಕದಲ್ಲಿ ಬಿಟ್ಟುಹೋದದ್ದು ಬೇರೆಯೇ ಇತ್ತು. ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಅರಿವಳಿಕೆ ಸಾವುಗಳ ಬಗ್ಗೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರ ಪ್ರಕಾರ ನಾಯಿಗಳಲ್ಲಿ ಅಪಾಯ ಶೇ 0.17, ಬೆಕ್ಕುಗಳಲ್ಲಿ ಶೇ 0.24, ಗಿನಿಪಿಗ್‌ಗಳಲ್ಲಿ ಶೇ 3.8. ಮೊಲ, ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾವು ಸಂಭವಿಸಿದ್ದು ಆಪರೇಷನ್ ಮೇಜಿನ ಮೇಲಲ್ಲ, ಮುಗಿದ ಮೇಲೆ. ಅಂದಮೇಲೆ ಕೈಯಲ್ಲಿರುವ ಹಣವನ್ನೆಲ್ಲ ಮೇಜಿಗೇ ಸುರಿದು, ಆಮೇಲಿನ ಆರೈಕೆಗೆ ಕೈ ಬಿಗಿಹಿಡಿಯುವುದು ತಲೆಕೆಳಗಾದ ಬಜೆಟ್. ಚೇತರಿಕೆಯ ಹಣವನ್ನು ಮೊದಲು ತೆಗೆದಿಡಿ, ಒಪ್ಪಿಗೆ ಪತ್ರಕ್ಕೆ ಆಮೇಲೆ ಸಹಿ ಹಾಕಿ ಎಂದು ಈ ಅಂಕಣಗಾರ್ತಿ ಈಗ ಕೇಳಿದವರಿಗೆಲ್ಲ ಹೇಳುತ್ತಾಳೆ.

ಆ ಹಣ ಹೋಗುವುದು ಎಲ್ಲಿಗೆ? ಮುಖ್ಯವಾಗಿ ಹೊಟ್ಟೆಗೆ. ಗಿನಿಪಿಗ್‌ನ ಕರುಳು ಸದಾ ಓಡುತ್ತಿರಬೇಕು. ನೋವಿನಿಂದ ತಿನ್ನುವುದು ನಿಂತರೆ ಕರುಳೂ ನಿಲ್ಲುತ್ತದೆ, ಗ್ಯಾಸ್ ತುಂಬುತ್ತದೆ, ಗಾಯ ಎಷ್ಟು ಚೆನ್ನಾಗಿ ಮಾಗುತ್ತಿದ್ದರೂ ಜೀವ ಹೋಗುತ್ತದೆ. ಹಾಗಾಗಿ ಹುಲ್ಲಿನ ಪುಡಿಯಿಂದ ಮಾಡಿದ ಚೇತರಿಕೆ ಆಹಾರವನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಕೊಡಬೇಕು. ತಾನಾಗಿ ಏನನ್ನೂ ತಿನ್ನದ ಪ್ರಾಣಿಗೆ ಕೆಜಿ ತೂಕಕ್ಕೆ ದಿನಕ್ಕೆ 50ರಿಂದ 80 ಮಿಲಿಲೀಟರ್, ಅದೂ ಹಲವು ಕಂತುಗಳಲ್ಲಿ. ಪ್ರತಿ ಹನಿಯನ್ನೂ ಅದು ಅಗಿದು ನುಂಗುವವರೆಗೆ ಕಾಯಬೇಕು. ಅವಸರಪಟ್ಟರೆ ಶ್ವಾಸಕೋಶಕ್ಕೆ ಇಳಿದೀತು. ವಿದೇಶದಿಂದ ಬರುವ ಆ ಪುಡಿಯ ಪೊಟ್ಟಣಗಳಿಗೆ 1,800 ರೂಪಾಯಿ ಆಯಿತು. ನೋವಿನ ಔಷಧ, ಆ್ಯಂಟಿಬಯಾಟಿಕ್ ಸೇರಿ 900. ಮರುಭೇಟಿಗಳಿಗೆ 1,600, ಮತ್ತೊಂದು ಎಕ್ಸ್‌ರೇಗೆ 1,200.

ಪುಸ್ತಕದಲ್ಲಿ ಅತಿ ಕಡಿಮೆ ಮೊತ್ತದ ಸಾಲುಗಳೇ ಅತಿ ಹೆಚ್ಚು ಕೆಲಸ ಮಾಡಿದವು. 60 ರೂಪಾಯಿಯ ಸಿರಿಂಜ್‌ಗಳು. 450 ರೂಪಾಯಿಯ ಅಡುಗೆಮನೆ ತಕ್ಕಡಿ. ಗಿನಿಪಿಗ್ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ, ಆದರೆ ತಕ್ಕಡಿಯ ಮುಂದೆ ಅದರ ನಾಟಕ ನಡೆಯುವುದಿಲ್ಲ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಟ್ಟರೆ ಇಳಿಕೆ ಒಡನೆ ಕಾಣುತ್ತದೆ. 900 ಗ್ರಾಂನ ಚಕ್ಕುಲಿ ಆಪರೇಷನ್ ಮರುದಿನ 860ಕ್ಕೆ ಇಳಿದಾಗ ಸಿರಿಂಜ್ ಊಟ ಹೆಚ್ಚಿಸಿ ಎಂದು ವೈದ್ಯರು ಫೋನಿನಲ್ಲೇ ಹೇಳಿದರು. ಆಸ್ಪತ್ರೆಗೆ ಓಡುವ ಖರ್ಚು ಉಳಿಯಿತು. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆಂದು ಗೂಡಿಗೆ ಹಳೆಯ ಟವೆಲ್‌ಗಳನ್ನು ಹಾಸಿದ್ದಾಯಿತು. ಅದಕ್ಕೆ ಖರ್ಚಿಲ್ಲ, ಒಗೆಯುವವರು ಬೇಕು ಅಷ್ಟೆ.

ಉಳಿತಾಯದ ಹೆಸರಿನಲ್ಲಿ ಮಾಡಲೇಬಾರದ ಕೆಲಸವೂ ಒಂದಿದೆ. ಮನೆಯ ಡಬ್ಬಿಯಲ್ಲಿ ಮಿಕ್ಕಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿ ಮಾಡಿ ಕೊಡುವುದು. ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಹೋದರೆ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷಕಾರಿಯಾದವು ಮೇಲುಗೈ ಪಡೆಯುತ್ತವೆ. ಮನುಷ್ಯರಿಗೆ ದಿನನಿತ್ಯದ ಆ ಮಾತ್ರೆ ಇದರ ಪ್ರಾಣವನ್ನೇ ತೆಗೆಯಬಲ್ಲದು.

ಇನ್ನು ವಿಟಮಿನ್ ಸಿ. ನಮ್ಮ ಹಾಗೆಯೇ ಗಿನಿಪಿಗ್‌ಗೂ ಅದನ್ನು ಮೈಯಲ್ಲೇ ತಯಾರಿಸಿಕೊಳ್ಳಲು ಬರುವುದಿಲ್ಲ. ಕೊರತೆಯಾದರೆ ಗಾಯ ಬೇಗ ಮಾಯುವುದಿಲ್ಲ. ಸಾಕುಪ್ರಾಣಿ ಅಂಗಡಿಯವರು ನೀರಿಗೆ ಬೆರೆಸುವ ಹನಿಗಳ ಬಾಟಲಿ ಮುಂದಿಡುತ್ತಾರೆ. ನೀರಿನಲ್ಲಿ, ಬೆಳಕಿನಲ್ಲಿ ಈ ವಿಟಮಿನ್ ಬೇಗ ಹಾಳಾಗುತ್ತದೆ, ಅದರೊಂದಿಗೆ ದುಡ್ಡೂ. ನೂರು ಗ್ರಾಂ ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ಸಿ ಇದೆ. ಆರೋಗ್ಯವಂತ ಗಿನಿಪಿಗ್‌ಗೆ ಬೇಕಾದದ್ದು ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ. ದಿನಕ್ಕೆರಡು ಹೋಳು ಸಾಕು. ಚೇತರಿಕೆಯ ಹೊತ್ತಿನಲ್ಲಿ ಹೆಚ್ಚು ಬೇಕೇ ಎಂಬುದನ್ನು ವೈದ್ಯರು ಹೇಳುತ್ತಾರೆ.

ಹುಲ್ಲಿನ ವಿಷಯದಲ್ಲಿ ಆಮದಾದ ಟಿಮೊತಿ ಹುಲ್ಲಿನ ಜೊತೆಗೆ ಗರಿಕೆಯೂ ನಡೆಯುತ್ತದೆ. (ಗಣೇಶನ ಹಬ್ಬದ ವಾರ ಮಾತ್ರ ಚೌಕಾಸಿಗೆ ಯಾರೂ ಬಗ್ಗುವುದಿಲ್ಲ.) ಕುದುರೆ ಮೆಂತೆ ಸೊಪ್ಪು ಅಗ್ಗವೆಂದು ತಂದರೆ ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಕಲ್ಲಾದ ಪ್ರಾಣಿಗೆ ಅದು ಮುಂದಿನ ಆಪರೇಷನ್‌ಗೆ ಮುಂಗಡ.

ಒಟ್ಟು ಕೂಡಿಸಿದರೆ ಆರೈಕೆಗೆ ಸುಮಾರು 6,000, ಅಂದರೆ ಆಪರೇಷನ್ನಿನ ಮೂರನೇ ಒಂದು ಪಾಲು. ರಾತ್ರಿ ಎದ್ದು ಸಿರಿಂಜ್ ಹಿಡಿದ ಕಾರಣಕ್ಕೆ ಒಪ್ಪಿಕೊಳ್ಳದೆ ಬಿಟ್ಟ ಒಂದು ದೊಡ್ಡ ಲೇಖನದ ಸಂಭಾವನೆ ಇದರಲ್ಲಿ ಸೇರಿಲ್ಲ. ಸೇರಿಸಿದರೆ ಪಾಲು ಅರ್ಧದ ಹತ್ತಿರ ಬರುತ್ತದೆ. ಪ್ರಾಣಿಯನ್ನು ಆಸ್ಪತ್ರೆಯಲ್ಲೇ ಬಿಡುವ ಯೋಚನೆಯಿದ್ದರೆ, ರಾತ್ರಿ ಅಲ್ಲಿ ಯಾರಿರುತ್ತಾರೆ, ಎಷ್ಟು ಸಲ ತಿನ್ನಿಸುತ್ತಾರೆ ಎಂದು ಕೇಳಬೇಕು. ಬಾಗಿಲು ಹಾಕಿಕೊಂಡು ಹೋಗುವ ಕಡೆ ರಾತ್ರಿಯ ಬಾಡಿಗೆ ಕೊಟ್ಟು ಪ್ರಯೋಜನವಿಲ್ಲ.

ವಿಮೆ? ನಮ್ಮಲ್ಲಿ ಸಿಗುವ ಸಾಕುಪ್ರಾಣಿ ಪಾಲಿಸಿಗಳು ಹೆಚ್ಚಾಗಿ ನಾಯಿ, ಬೆಕ್ಕಿಗೆ. ಆರೋಗ್ಯ ವಿಮೆಯ ಮೇಲಿನ ತೆರಿಗೆ ಕಡಿತವೂ ಕುಟುಂಬದ ಮನುಷ್ಯರಿಗಷ್ಟೇ ಎಂದು ಅಣ್ಣ, ಯಾರೂ ಕೇಳದಿದ್ದರೂ, ತಿಳಿಸಿದ. ಅವನಿಂದಲೇ ಬಂದ ಉಪಯುಕ್ತ ಮಾತೂ ಒಂದಿದೆ: ಪಶುವೈದ್ಯಕೀಯ ಕ್ಲಿನಿಕ್‌ನ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ, ಬಿಲ್ಲಿನಲ್ಲಿ ಆ ಸಾಲು ನೋಡಿಕೋ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. 1958ರಿಂದ ನಡೆಯುತ್ತಿರುವ ಕಾಲೇಜು. ಚಿಕ್ಕ ಪ್ರಾಣಿಗಳನ್ನು ನೋಡುವವರು ಯಾವ ದಿನ ಇರುತ್ತಾರೆಂದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಕಲ್ಲು ಮರುಕಳಿಸುವ ಸ್ವಭಾವದ್ದು. ಆರು ತಿಂಗಳಿಗೊಂದು ಎಕ್ಸ್‌ರೇ ಆಗಲಿ ಎಂದಿದ್ದಾರೆ ವೈದ್ಯರು. ಅದಕ್ಕಾಗಿ ತಿಂಗಳಿಗೆ 500 ರೂಪಾಯಿಯ ಆರ್‌ಡಿ ಶುರುವಾಗಿದೆ. ವರ್ಷಕ್ಕೆ 6,000, ಎರಡು ಎಕ್ಸ್‌ರೇ ಕಳೆದು ಮಿಕ್ಕದ್ದು ಕಷ್ಟಕಾಲಕ್ಕೆ. ಖಾತೆ ಚಕ್ಕುಲಿಯ ಹೆಸರಿನಲ್ಲಿಲ್ಲ ಎಂಬ ಮಗಳ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.